ನಾಯಿ ಕಚ್ಚಿದ್ದಕ್ಕೆ ತಪ್ಪುಕಾಣಿಕೆ

ಭಾವನಾ ಯಾರಿಗೂ ಎದುರಾಡಿದವಳಲ್ಲ. ಬೈಂದೂರಿನ ಕಡೆಯ ಹುಡುಗಿ, ಮದುವೆಯ ಅರಿಸಿನ ಕೈಯಿಂದ ಹೋಗುವ ಮೊದಲೇ ಗಂಡನ ಹಿಂದೆ ತಮಿಳು ಸೀಮೆಯ ಪಲ್ಲಾವರಕ್ಕೆ ಬಂದವಳು. ಗಂಡ ಚರಣ್ ನಾಗರತ್ನಮ್ಮನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ. ಅವನ ಕಾವಲಿ ಆರಬಾರದು ಎಂದು ಮದುವೆಯ ರಜೆಯನ್ನೂ ನಾಗರತ್ನಮ್ಮ ಅರ್ಧಕ್ಕೆ ಕತ್ತರಿಸಿದ್ದರು. "ನಾನು ಮದುವೆಯಾದ್ದು ಇವರನ್ನಲ್ಲ, ಕಾವಲಿಯನ್ನು" ಎಂದು ಭಾವನಾ ನಗುತ್ತಿದ್ದಳು. ನಗುವುದೂ ಒಳಗೊಳಗೇ.

ಹೋಟೆಲಿನ ತಾರಸಿಯ ಮೇಲೆ ಶೀಟು ಹೊದಿಸಿದ ಒಂದು ಕೋಣೆ ಅವರ ಸಂಸಾರಕ್ಕೆ. ಬೆಳಗಾದರೆ ಕೆಳಗಿಳಿದು ತೆಂಗಿನಕಾಯಿ ತುರಿಯುವುದು, ಸಾಂಬಾರಿಗೆ ತರಕಾರಿ ಹೆಚ್ಚುವುದು ಭಾವನಾಳ ಕೆಲಸ. ಮಗಳು ವೀಕ್ಷಾ ಹುಟ್ಟಿದ ಮೇಲೆ ತೊಟ್ಟಿಲು ಈರುಳ್ಳಿ ಮೂಟೆಯ ಪಕ್ಕಕ್ಕೆ ಬಂತು, ಕೆಲಸ ಇದ್ದಲ್ಲೇ ಇತ್ತು. ಮಗು ಈರುಳ್ಳಿಗೆ ಅಳುತ್ತ, ತಲೆಯ ಮೇಲೆ ಇಳಿಯುವ ವಿಮಾನಗಳಿಗೆ ಟಾಟಾ ಮಾಡುತ್ತ ಬೆಳೆಯಿತು. ಈಗ ನರ್ಸರಿಗೆ ಹೋಗುತ್ತಾಳೆ. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ.

ನಾಗರತ್ನಮ್ಮನಿಗೆ ಎಲ್ಲರೂ ಅಕ್ಕ ಅನ್ನುವುದು. ಗಂಡ ತೀರಿಕೊಂಡ ಮರುವಾರವೇ ಗಲ್ಲಾಪೆಟ್ಟಿಗೆಯ ಹಿಂದೆ ಬಂದು ಕೂತ ಹೆಂಗಸು. ಆಗ ಹೋಟೆಲು ಇವತ್ತೋ ನಾಳೆಯೋ ಮುಚ್ಚುವ ಹಾಗಿತ್ತಂತೆ. ಒಂದು ದಿನ ಹಿತ್ತಿಲ ಬಾಗಿಲಿಗೆ ಒಂದು ಕರಿಯ ಬೀದಿನಾಯಿ ಬಂದು ಮಲಗಿತು, ಅಂದಿನಿಂದ ವ್ಯಾಪಾರ ಕುದುರಿತು. ಸಾಕಲ್ಲ ಇನ್ನು! ಅದು ನಾಯಿಯಲ್ಲ, ಕಾಲಭೈರವನೇ ಕಾವಲು ಕಾಯಲು ಬಂದದ್ದು ಎಂದಾಯಿತು. ಹೆಸರು ಭೈರ. ದಿನವೂ ಮೊದಲ ಒಬ್ಬೆ ಇಡ್ಲಿ ಇಳಿದ ಕೂಡಲೇ ಒಂದು ಭೈರನಿಗೆ. ಅದು ತಿಂದ ಮೇಲೆಯೇ ಗಿರಾಕಿಗಳಿಗೆ ಎಲೆ. ಅದಕ್ಕೆ ಸೂಜಿ ಹಾಕಿಸುವ ಮಾತು ಯಾರೋ ಎತ್ತಿದಾಗ ಅಕ್ಕ, "ದೇವರಿಗೆ ಸೂಜಿ ಚುಚ್ಚುದಾ? ನಿನ್ನ ನಾಲಿಗೆಗೆ ಚುಚ್ಚಿಸಿಕೋ" ಎಂದಿದ್ದರು.

ಆ ವಾರ ಭೈರ ಎರಡು ದಿನ ಇಡ್ಲಿ ಮುಟ್ಟಲಿಲ್ಲ. ನೀರೂ ಕುಡಿಯಲಿಲ್ಲ. ಹಿತ್ತಿಲಲ್ಲಿ ನಿಲ್ಲಿಸಿದ್ದ ತರಕಾರಿಯ ತಳ್ಳುಗಾಡಿಯ ಅಡಿಯ ಕತ್ತಲಲ್ಲಿ ಮಲಗಿ, ಯಾರಾದರೂ ಬಗ್ಗಿ ನೋಡಿದರೆ ಗುರ್ ಎನ್ನುತ್ತಿತ್ತು; ಬಾಯಿಯಿಂದ ಜೊಲ್ಲು ನೂಲಿನಂತೆ ಇಳಿಯುತ್ತಿತ್ತು. ಹೋಟೆಲಿನವರೆಲ್ಲ ಸರದಿಯಲ್ಲಿ ಬಂದು ನೋಡಿದರು, ತಲೆದೂಗಿದರು. ಯಾಕೆಂದರೆ ಅಕ್ಕ ಪಂಚಾಂಗ ನೋಡಿ ಕಾರಣ ಹೇಳಿಯಾಗಿತ್ತು: "ಅಷ್ಟಮಿ ಅಲ್ವಾ! ಉಪವಾಸ ಮಾಡ್ತಾ ಉಂಟು. ನೀರು ಸಹ ಮುಟ್ಟುದಿಲ್ಲ ನೋಡಿ. ನೀವು ಮನುಷ್ಯರು ಏಕಾದಶಿಗೆ ಉಪ್ಪಿಟ್ಟು ತಿಂತೀರಿ, ನಾಚಿಕೆ ಆಗ್ಬೇಕು."

ಮರುದಿನ ಶುಕ್ರವಾರ, ಸಂತೆಯ ದಿನ. ಬೆಳಗ್ಗಿನಿಂದಲೇ ಹೋಟೆಲು ಕಿಕ್ಕಿರಿದಿತ್ತು. ಸಮವಸ್ತ್ರ ಹಾಕಿಕೊಂಡು ಮೆಟ್ಟಿಲಿಳಿದ ವೀಕ್ಷಾಳನ್ನು ಅಕ್ಕನೇ ಕರೆದರು. "ಬಾ ಪುಟ್ಟಿ, ಇವತ್ತು ಭೈರನ ಪಾರಣೆ. ಹೆಣ್ಣುಮಗುವಿನ ಕೈಯಿಂದ ಆದ್ರೆ ಶ್ರೇಷ್ಠ." ಬಿಸಿ ಇಡ್ಲಿಯನ್ನು ಬಾಳೆಯ ತುಂಡಿನಲ್ಲಿಟ್ಟು ಮಗುವಿನ ಅಂಗೈಗೆ ಕೊಟ್ಟರು. ಭಾವನಾ ಹೆರೆಮಣೆಯ ಮೇಲೆ ಕೂತಿದ್ದಳು. ಅವಳೂ ನೋಡಿದಳು. ಅವಳಿಗೂ ಒಳ್ಳೆಯದೇ ಅನಿಸಿತು.

ಮಗು ಗಾಡಿಯ ಅಡಿಗೆ ಕೈ ಚಾಚಿ, "ಭೈರಾ, ಸಾಪ್ಪಿಡು, ತಿನ್ನು" ಎಂದದ್ದು ಕೇಳಿತು. ಆಮೇಲೆ ಕೇಳಿದ್ದು ಮಾತಲ್ಲ.

ನಾಯಿ ಮೊದಲು ಮುಂಗೈ ಹಿಡಿಯಿತು. ಕೊಸರಿಕೊಂಡ ಮಗು ಬಿದ್ದಾಗ ಕೆನ್ನೆಗೆ ಬಾಯಿ ಹಾಕಿತು. ಪಾತ್ರೆ ತೊಳೆಯುತ್ತಿದ್ದ ಐತ, ಮಗು ತಾತಾ ಎಂದು ಕರೆಯುತ್ತಿದ್ದ ಮುದುಕ, ಬೂದಿಗೈಯಲ್ಲೇ ಓಡಿಬಂದು ನಾಯಿಯ ದವಡೆಗೆ ಬೆರಳು ತೂರಿಸಿ ಬಿಡಿಸಿದ. ಹಾಗೆ ಬಿಡಿಸುವಾಗ ಅವನ ಹೆಬ್ಬೆರಳ ಬುಡ ಸೀಳಿತು. ಭೈರ ಬಾಲ ಮುದುಡಿಕೊಂಡು ಗಾಡಿಯ ಅಡಿಗೆ ಹೋಗಿ ಮಲಗಿತು.

ಮಗುವನ್ನು ಎತ್ತಿಕೊಂಡ ಭಾವನಾಳಿಗೆ ಮೊದಲು ಬಿದ್ದದ್ದು ಅಕ್ಕನ ಬೈಗುಳ. "ಎಂಥ ಎಂಜಲು ಕೈಯಲ್ಲಿ ಕೊಟ್ಟಳೋ! ಹಲ್ಲುಜ್ಜಿಸಿದ್ಯಾ? ಮೀಯಿಸಿದ್ಯಾ? ಸುಮ್ಮನೆ ಕಚ್ಚುದಿಲ್ಲ ಅದು." ಅಕ್ಕ ಎಲೆಯಡಿಕೆ ತಟ್ಟೆಯಿಂದ ಸುಣ್ಣ ತೆಗೆದು, ಅರಿಸಿನ ಕಲಸಿ ಮಗುವಿನ ಗಾಯಕ್ಕೂ ಐತನ ಹೆಬ್ಬೆರಳಿಗೂ ಮೆತ್ತಿದರು. ಮಗು ಉಸಿರು ಕಟ್ಟಿ ನೀಲಿಯಾಗಿ, ಆಮೇಲೆ ಕಿರುಚಿತು. ಗಿರಾಕಿಗಳು ತಿರುಗಿ ನೋಡಿದರು. "ಏನಿಲ್ಲ ಸಾರ್, ಕೊಳಂದೆ, ಮಗು, ಬಿದ್ದುಬಿಟ್ಟಿದೆ" ಎಂದು ಅಕ್ಕ ತಮಿಳೂ ಕನ್ನಡವೂ ಬೆರೆಸಿ ಹೇಳಿ, ಮೂವರನ್ನೂ ಒಳಗೆ ತಳ್ಳಿದರು.

ಒಳಗೆ ಭೈರವನ ಪಟ. ಅಕ್ಕ ಅರಿಸಿನ ಬಟ್ಟೆಯ ಎರಡು ತುಂಡಿನಲ್ಲಿ ಎರಡು ನಾಣ್ಯ ಕಟ್ಟಿದರು. ಊರಲ್ಲಿ ದೇವರಿಗೆ ಅಪಚಾರವಾದರೆ ಹೀಗೆಯೇ ತಪ್ಪುಕಾಣಿಕೆ ಕಟ್ಟುವುದು. ತಪ್ಪಾಯಿತು, ಕಾಪಾಡು ಎಂದು ಮಾತು ಕೊಟ್ಟ ಮೇಲೆ ಮುಂದಿನದು ದೇವರ ಪಾಲಿನದು. "ಕೈ ಮುಗಿ. ತಪ್ಪಾಯ್ತು ಅಂತ ಹೇಳು."

ಸುಣ್ಣ ಮೆತ್ತಿದ ಕೈಯನ್ನು ಇನ್ನೊಂದು ಕೈಗೆ ಜೋಡಿಸಲಾಗದೆ ಮಗು ಬಿಕ್ಕಿತು. "ಸಾರಿ ಭೈರಾ."

"ನೀನೂ ಹೇಳೋ ಐತ. ದೇವರ ಬಾಯಿಗೆ ಕೈ ಹಾಕಿದವ ನೀನು."

ಐತ ಹೇಳಿದ. ಅವನು ಮನಸ್ಸಿಟ್ಟು ಹೇಳಿದ.

"ಆಯ್ತು, ಕಾಣಿಕೆ ಕಟ್ಟಿ ಆಯ್ತು" ಎಂದರು ಅಕ್ಕ. "ಇನ್ನು ಡಾಕ್ಟ್ರು, ಸೂಜಿ ಅಂತ ಯಾರಾದರೂ ಹೊರಟರೆ ಕೊಟ್ಟ ಮಾತಿನ ಮೇಲೆ ಉಗುಳಿದ ಹಾಗೆ. ಆಸ್ಪತ್ರೆಯಲ್ಲಿ ಯಾರ ನಾಯಿ ಅಂತ ಕೇಳ್ತಾರೆ. ಕಾರ್ಪೊರೇಷನ್‌ನವರು ಬರ್ತಾರೆ. ನನ್ನ ಭೈರನನ್ನು ಗಾಡಿಯಲ್ಲಿ ಹಾಕ್ಕೊಂಡು ಹೋದರೆ ನಿಮ್ಮನ್ನೂ ಅದೇ ಗಾಡಿಯಲ್ಲಿ ಕಳಿಸ್ತೇನೆ, ತಿಳೀತಾ?"

ಭಾವನಾ ಗಂಡನ ಮುಖ ನೋಡಿದಳು. ಚರಣ್ ಸಟ್ಟುಗದಿಂದ ದೋಸೆ ಮಗುಚಿದ. "ಅಕ್ಕ ಹೇಳಿದ್ದು ಸರಿ ಅಲ್ವಾ. ಮೇಲೆ ಹೋಗಿ ಮಲಗಿಸು. ಸಂಜೆ ನೋಡುವ."

ಮೇಲಿನ ಕೋಣೆಯಲ್ಲಿ ಮಗುವಿನ ಹಲ್ಲು ಕಟಕಟ ಎನ್ನುತ್ತಿತ್ತು. "ಎರಿಯುದು ಅಮ್ಮಾ, ಎರಿಯುದು" ಎನ್ನುತ್ತಿತ್ತು, ಉರಿ, ಉರಿ. ಭಾವನಾ ನರ್ಸರಿಯ ಮಿಸ್‌ಗೆ ಫೋನು ಮಾಡಿದಳು, ಇವತ್ತು ಮಗು ಬರುವುದಿಲ್ಲ ಎನ್ನಲಿಕ್ಕೆ. ಅಷ್ಟಕ್ಕೇ ಮಾಡಿದ್ದು. ಆ ಹುಡುಗಿ ಯಾಕೆ ಎಂದು ಕೇಳಿದಳು, ಕೇಳಿದವಳು ಕೂಗಾಡಿಬಿಟ್ಟಳು. ಸುಣ್ಣವಾ? ಮೊದಲು ತೊಳೆಯಿರಿ. ನಲ್ಲಿಯ ಕೆಳಗೆ, ಸೋಪು ಹಾಕಿ, ಕಾಲು ಗಂಟೆ ನೀರು ಹರಿಯಲಿ. ಕಟ್ಟಬೇಡಿ, ಏನೂ ಹಚ್ಚಬೇಡಿ. ಈಗಲೇ ಆಸ್ಪತ್ರೆಗೆ. ಸಂಜೆಯಲ್ಲ, ಈಗ. ಆ ರೋಗ ತಲೆಗೆ ಹತ್ತಿದರೆ ಮತ್ತೆ ಇಳಿಯುವುದಿಲ್ಲಕ್ಕಾ.

ಬಟ್ಟೆಯ ಸೋಪೇ ಕೈಗೆ ಸಿಕ್ಕಿದ್ದು. ಮಗುವನ್ನು ತೊಡೆಗಳ ನಡುವೆ ಒತ್ತಿ ಹಿಡಿದು ಭಾವನಾ ಸುಣ್ಣ ಕರಗಿಸಿದಳು. ಕೆನ್ನೆಯ ತೂತಿನೊಳಗೂ ನೊರೆ ಹೋಗುವ ಹಾಗೆ ತೊಳೆದಳು. ನೀರು ಕೆಂಪಾಗಿ, ಗುಲಾಬಿಯಾಗಿ, ಬಿಳಿಯಾಗಿ ಹರಿಯಿತು. ಕೆಳಗಿನಿಂದ ಅಕ್ಕನ ಕೂಗು: "ಯಾವ ಮಹಾರಾಣಿ ಮೀಯುದು ಮೇಲೆ? ಸಂತೆಯ ದಿನ ಟ್ಯಾಂಕಿ ಖಾಲಿ ಮಾಡ್ಲಿಕ್ಕೆ ನಿನ್ನಪ್ಪನ ಬಾವಿಯಾ?" ಭಾವನಾ ನಲ್ಲಿ ನಿಲ್ಲಿಸಲಿಲ್ಲ. ಆ ಹೋಟೆಲಿನಲ್ಲಿ ಅಕ್ಕನ ಮಾತು ಕೇಳಿಯೂ ಯಾರೋ ಒಬ್ಬರು ಮಾಡುತ್ತಿದ್ದುದನ್ನು ಮಾಡುತ್ತಲೇ ಇದ್ದದ್ದು ಅದೇ ಮೊದಲು.

ಹಿಂದಿನ ಓಣಿಯಿಂದ ಆಟೋ ಹಿಡಿದಳು.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಗಾಯದ ಅಂಚಿನಲ್ಲಿ ಸುಟ್ಟ ಚರ್ಮ ನೋಡಿದರು. ತಮಿಳಿನಲ್ಲಿ ಅವರು ಬೈದದ್ದು ಕನ್ನಡಕ್ಕೆ ಬಂದರೂ ಅಷ್ಟೇ ಖಾರ: "ನಾಯಿ ಒಂದು ಸಲ ಕಚ್ಚಿತು. ಸುಣ್ಣ ಹಾಕಿ ನೀವು ಇನ್ನೊಂದು ಸಲ ಕಚ್ಚಿದಿರಿ. ಯಾರ ನಾಯಿ?"

ಬೀದಿಯದ್ದು, ಗೊತ್ತಿಲ್ಲ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದೂ ಅದೇ. "ಹೋಟೆಲಿಂದು" ಎಂದಳು ಭಾವನಾ. "ಎರಡು ದಿನದಿಂದ ನೀರು ಕುಡೀಲಿಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಆಮೇಲೆ ಬೈಯಲಿಲ್ಲ, ಅದೇ ಭಾವನಾಳಿಗೆ ಹೆಚ್ಚು ಹೆದರಿಕೆಯಾದದ್ದು. ತೋಳಿಗೆ ಹಾಕುವ ಸೂಜಿ ಸಾಲದು, ಗಾಯ ಆಳ ಇದೆ, ಅದೂ ಮುಖಕ್ಕೆ. ಗಾಯದೊಳಗೇ ಸೀರಮ್ಮು ಹಾಕಬೇಕು ಎಂದರು. ನೀವೇ ಹಿಡಿಯಬೇಕು, ಅಳ್ಳಾಡಬಾರದು.

ಭಾವನಾ ಹಿಡಿದಳು. ತಲೆಯನ್ನು ಎದೆಗೆ ಒತ್ತಿ, ಎರಡು ಕಾಲನ್ನೂ ತನ್ನ ಕಾಲಿನಿಂದ ಬಂಧಿಸಿ ಹಿಡಿದಳು. ಕಚ್ಚಿದ ಕೆನ್ನೆಗೆ, ಹಲ್ಲು ಇಳಿದ ಆ ತೂತಿನ ಸುತ್ತ, ಒಂದಲ್ಲ, ಎರಡಲ್ಲ, ಸೂಜಿ ಮತ್ತೆ ಮತ್ತೆ ಇಳಿಯಿತು. ನಾಯಿ ಕಚ್ಚಿದಾಗ ಇಷ್ಟು ಕೂಗಿರಲಿಲ್ಲ ಮಗು. "ವೇಂಡಾಂ ಅಮ್ಮಾ, ಬೇಡ! ಬಿಡು ಅಮ್ಮಾ! ನೀ ಕೆಟ್ಟ ಅಮ್ಮಾ!" ಎಂದು ಅಮ್ಮನ ಕುತ್ತಿಗೆಯನ್ನೇ ಕಚ್ಚಿತು. ಕೆಟ್ಟ ಅಮ್ಮ ಬಿಡಲಿಲ್ಲ.

ತೋಳಿನ ಸೂಜಿ ಇವತ್ತು, ಆಮೇಲೆ ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ ಎಂದರು ಡಾಕ್ಟರಮ್ಮ. ಗಾಯ ಒಣಗಿತು, ಮಗು ಆಡುತ್ತಿದೆ ಎಂದು ನಡುವೆ ಬಿಟ್ಟರೆ ಹಾಕಿಸಿದ್ದೂ ನೀರಲ್ಲಿ ಹೋಮ. ಮತ್ತೆ ಯಾರಿಗಾದರೂ ಕಚ್ಚಿದೆಯಾ? ಇವತ್ತೇ ಕರೆದುಕೊಂಡು ಬನ್ನಿ.

ಹೋಟೆಲಿಗೆ ತಿರುಗಿ ಬಂದಾಗ ಐತ ಪಾತ್ರೆಯ ರಾಶಿಯ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ. ಹೆಬ್ಬೆರಳಿನ ಸುಣ್ಣ ಸೋಪಿನ ನೀರಿಗೆ ಕದಡಿಹೋಗಿ ಬರೀ ಕೊಳೆ ಉಳಿದಿತ್ತು.

"ಅಜ್ಜ, ಏಳಿ. ನಿಮಗೂ ಹಾಕಿಸ್ಬೇಕಂತೆ."

"ನನಗೆಂತದು ಮಗಾ. ಪಿಳ್ಳೆ ಗೀರು." ಐತ ನಕ್ಕ. "ಕಾಣಿಕೆ ಕಟ್ಟಿ ಆಗಿದೆ. ಈಗ ಸೂಜಿಗೆ ಹೋದರೆ ದೇವರು ಎಂತ ಗ್ರಹಿಸುದು? ಇವನಿಗೆ ನನ್ನ ಮೇಲೆ ನಂಬಿಕೆ ಇಲ್ಲ ಅಂತ ಅಲ್ವಾ? ನೀನು ತಾಯಿ, ನಿಂಗೆ ಮಾಫಿ ಉಂಟು."

ಅವಳು ಅವನ ರಟ್ಟೆ ಹಿಡಿದು ಎಬ್ಬಿಸಲು ನೋಡಿದಳು. ಗಲ್ಲಾದಿಂದ ಅಕ್ಕ ಎದ್ದು ಬಂದರು. "ಹೋಗಿ ಬಂದ್ಯಾ ಮಹಾತಾಯಿ? ಮಾತು ಮುರಿದದ್ದು ಸಾಲ್ದಾ, ಅವನನ್ನೂ ಕೆಡಿಸ್ತಿಯಾ? ಅವ ಎದ್ದರೆ ಸಂತೆಯ ದಿನದ ಪಾತ್ರೆ ನಿನ್ನ ಡಾಕ್ಟ್ರಮ್ಮ ಬಂದು ತಿಕ್ತಾಳಾ?"

ಐತ ಮೆಲ್ಲಗೆ ತನ್ನ ರಟ್ಟೆ ಬಿಡಿಸಿಕೊಂಡ.

ಮೂರನೆಯ ದಿನ ಭಾವನಾ ಯಾರನ್ನೂ ಕೇಳದೆ ಹೋಗಿ ಎರಡನೆಯ ಸೂಜಿ ಹಾಕಿಸಿ ಬಂದಳು. ಅದರ ಮಾರನೆಯ ಬೆಳಿಗ್ಗೆ ಭೈರ ಗಾಡಿಯ ಅಡಿಯಲ್ಲಿ ಸೆಟೆದು ಸತ್ತಿತ್ತು. ಆಸ್ಪತ್ರೆಯವರು ತಿಳಿಸಿ ಕಾರ್ಪೊರೇಷನ್‌ನವರು ಬರುವಷ್ಟರಲ್ಲಿ, ಅಕ್ಕನ ಅಪ್ಪಣೆಯಂತೆ ಐತ ಅದಕ್ಕೆ ಹೂವಿನ ಮಾಲೆ ಹಾಕಿ, ಬರಿಗೈಯಲ್ಲೇ ಎತ್ತಿ ಹಿತ್ತಿಲಲ್ಲಿ ಮಣ್ಣು ಮಾಡಿಯಾಗಿತ್ತು. ಅಕ್ಕ ತಲೆಗೆ ನೀರು ಸುರಿದುಕೊಂಡು ಬಂದು, ಹೆರೆಮಣೆಯ ಮೇಲೆ ಕೂತ ಭಾವನಾಳ ಎದುರು ನಿಂತರು.

"ಇವಳು ಅಲ್ಲಿ ಮಗಳಿಗೆ ಚುಚ್ಚಿಸಿದಳು, ಇಲ್ಲಿ ಇವನ ಪ್ರಾಣ ಹೋಯ್ತು. ಎರಡು ಸೂಜಿಗೆ ದೇವರನ್ನು ಕೊಂದ ಹೆಂಗಸು ನೀನು. ಮೂರನೆಯದಕ್ಕೆ ಯಾರನ್ನು ಕೊಲ್ತಿ?"

ನಾಯಿಗೆ ಹುಚ್ಚು ಹಿಡಿದಿತ್ತೆಂದು ಅಡುಗೆಮನೆಯ ಅಷ್ಟೂ ಜನರಿಗೆ ಆ ಹೊತ್ತಿಗೆ ಗೊತ್ತಿತ್ತು. ಗೊತ್ತಿದ್ದೂ ತರಕಾರಿ ಹೆಚ್ಚಿದರು. ಅಂದಿನಿಂದ ಭಾವನಾ ತುರಿದ ಕಾಯಿಯನ್ನು ಚಟ್ನಿಗೆ ಹಾಕಬೇಡಿ ಎಂದಾಯಿತು. ಮಗು ಕೆಳಗಿಳಿದರೆ, "ಅದರ ಜೊಲ್ಲು ಬೀಳೀತು, ಮೇಲೆ ಕಳಿಸಿ" ಎಂದಾಯಿತು. ಮಗುವಿಗೆ ಮಾತ್ರ ಅರ್ಥವಾಗಲಿಲ್ಲ, ತಾತನ ಹತ್ತಿರ ಓಡಿ ಹೋಗಿ ತನ್ನ ತೋಳು ತೋರಿಸಿ, "ಊಸಿ ಪೋಟ್ಟಾಂಗ, ಎರಡು ಸೂಜಿ!" ಎಂದು ಜಂಬ ಕೊಚ್ಚಿಕೊಂಡಿತು. ಐತ ತನ್ನ ಹೆಬ್ಬೆರಳು ತೋರಿಸಿ, "ನಂದು ಸೂಜಿ ಇಲ್ಲದೇ ಗುಣ, ನೋಡು" ಎಂದ.

ಏಳನೆಯ ದಿನದ ಬೆಳಿಗ್ಗೆ ಚರಣ್ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಾಗಿಲಿಗೆ ಅಡ್ಡ ಕೂತ.

"ಗಾಯ ಒಣಗಿದೆ ಕಾಣು. ಸಾಕು ಬಿಡು. ಇವತ್ತು ಹೋದರೆ ಕೋಣೆ ಖಾಲಿ ಮಾಡ್ಬೇಕಂತೆ. ಅಕ್ಕನ ಕಾಲಿಗೆ ಒಮ್ಮೆ ಬಿದ್ದುಬಿಡು, ಎಲ್ಲ ಮುಗೀತದೆ."

"ಮಗುವೂ ಮುಗೀತದೆ."

"ಅಪಶಕುನ ಮಾತಾಡ್ಬೇಡ. ನಾನು ಅಪ್ಪ ಅಲ್ವಾ, ನಂಗೆ ಇಲ್ವಾ ಸಂಕಟ? ಹದಿನಾರು ವರ್ಷದ ಹುಡುಗ ಇದ್ದಾಗ ಅಕ್ಕ ನಂಗೆ ಅನ್ನ ಹಾಕಿದ್ದಾರೆ."

"ನಿಮ್ಗೆ ಹಾಕಿದ ಅನ್ನಕ್ಕೆ ಇವಳನ್ನು ಕೊಡ್ಲಾ?" ಎಂದಳು ಭಾವನಾ. ಮದುವೆಯಾದಂದಿನಿಂದ ಅವಳು ಗಂಡನಿಗೆ ಕೊಟ್ಟ ಮೊದಲ ಎದುರುತ್ತರ ಅದು. ಅದಾದ ಮೇಲೆ ಕೊಡಬೇಕಾಗಿಯೂ ಬರಲಿಲ್ಲ. ಮಗುವನ್ನು ಅವನ ತೊಡೆಯಿಂದ ಎತ್ತಿಕೊಂಡಳು. ಅವನು ಹಿಡಿಯಲಿಲ್ಲ, ಹಿಡಿದಿದ್ದರೆ ಆಗ ಅವಳಿಗೆ ಅವನ ಮೇಲೆ ಒಂದಿಷ್ಟು ಗೌರವವಾದರೂ ಉಳಿಯುತ್ತಿತ್ತೋ ಏನೋ. ಆಸ್ಪತ್ರೆಯಿಂದ ತಿರುಗಿ ಬರುವಷ್ಟರಲ್ಲಿ ಅವಳ ಸೀರೆಗಳೂ ಮಗುವಿನ ಫ್ರಾಕುಗಳೂ ಅಕ್ಕಿಯ ಚೀಲವೊಂದರಲ್ಲಿ ತುಂಬಿ ಮೆಟ್ಟಿಲ ಬುಡದಲ್ಲಿದ್ದವು. ಚೀಲದ ಬಾಯಿ ನೀಟಾಗಿ ಕಟ್ಟಿತ್ತು. ಗಂಟು ಚರಣನದೇ, ಅವಳಿಗೆ ಗುರುತು ಸಿಕ್ಕಿತು.

ನರ್ಸರಿಯ ಮಿಸ್‌ ತನಗೆ ಗೊತ್ತಿದ್ದ ಒಂದು ಮನೆಯ ವಿಳಾಸ ಕೊಟ್ಟಳು. ಅಡ್ಯಾರಿನಲ್ಲಿ ಅಂಬುಜಮ್ಮ ಎಂಬ ಮೈಸೂರಿನ ಕಡೆಯವರು, ಬ್ಯಾಂಕಿನಿಂದ ನಿವೃತ್ತರು. ಅಡುಗೆಗೆ, ಮನೆಯಲ್ಲೇ ಇರಲಿಕ್ಕೆ ಒಬ್ಬರು ಬೇಕಿತ್ತು. ಅವರು ಮಗುವಿನ ಕೆನ್ನೆಯ ಗುರುತನ್ನು ಕನ್ನಡಕ ಸರಿಮಾಡಿಕೊಂಡು ನೋಡಿದರು. "ನೋಡಮ್ಮಾ, ನಂದೇನೂ ಅಭ್ಯಂತರ ಇಲ್ಲ. ಆದ್ರೆ ಭಾನುವಾರ ನಮ್ಮ ಮೊಮ್ಮಕ್ಕಳು ಬರ್ತಾರೆ. ನಿನ್ನ ಮಗು ಏನಾದ್ರೂ ಬೊಗಳೋ ಹಾಗೆ ಶುರುಮಾಡಿದ್ರೆ ಮೊದಲೇ ಹೇಳ್ಬಿಡು, ಆಯ್ತಾ? ಆ ದಿನ ಹಿಂದಿನ ರೂಮಲ್ಲೇ ಇರ್ಲಿ." ಓದಿದ ಹೆಂಗಸು. ದನಿಯಲ್ಲಿ ಒಂದು ಚೂರೂ ಕಹಿ ಇರಲಿಲ್ಲ.

ಭಾನುವಾರಗಳಂದು ವೀಕ್ಷಾ ಹಿಂದಿನ ಕೋಣೆಯಲ್ಲಿ ಕೂತು, ಅಂಗಳದಲ್ಲಿ ಆಡುವ ಮಕ್ಕಳ ಸದ್ದು ಕೇಳುತ್ತಿದ್ದಳು. ನಾಯಿ ಬೊಗಳಿದರೆ ಉಟ್ಟ ಬಟ್ಟೆಯಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದಳು. ಭಾವನಾ ಬೈಯದೆ ಒರೆಸುತ್ತಿದ್ದಳು. ಕೆಲಸ ಮುಗಿದ ಮೇಲೆ ಎತ್ತಿಕೊಂಡು ಬೀದಿಯ ತುದಿಯವರೆಗೆ ಹೋಗಿ, ದೂರದಿಂದ ಮಲಗಿದ ನಾಯಿಗಳನ್ನು ತೋರಿಸಿ, "ಅದು ನಿದ್ದೆ ಮಾಡ್ತದೆ. ನಾವು ಎಬ್ಬಿಸುದು ಬೇಡ, ಓಡುದೂ ಬೇಡ" ಎಂದು ಹೇಳಿಕೊಡುತ್ತಿದ್ದಳು. ಕೊನೆಯ ಸೂಜಿಯ ದಿನ ಮಗು ತಾನೇ ತೋಳು ಚಾಚಿಕೊಟ್ಟಿತು. ಅಳಲಿಲ್ಲ. "ಮುಡಿಂಜಿದಾ?" ಎಂದಿತು. ಮುಗಿಯಿತು ಎಂದು ಡಾಕ್ಟರಮ್ಮ ಕೆನ್ನೆ ತಟ್ಟಿದರು. ಭಾವನಾ ಹೊರಗೆ ಬಂದು ಬೇವಿನ ಮರದ ಕಟ್ಟೆಯ ಮೇಲೆ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಮತ್ತೆರಡು ವಾರವೂ ಕಳೆದಿರಲಿಲ್ಲ, ಚರಣನ ಫೋನು ಬಂತು. ಐತನಿಗೆ ಕೈ ಜುಮುಗುಟ್ಟುತ್ತದೆ ಎಂದು ಶುರುವಾದದ್ದು. ಈಗ ನೀರು ಕಂಡರೆ ಆಗುವುದಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಹಾಕಿದ್ದಾರೆ. ಹೋಟೆಲು ಬಿಟ್ಟು ಯಾರೂ ಬರುವ ಹಾಗಿಲ್ಲ. ನೀನು ಒಮ್ಮೆ ಬರ್ತಿಯಾ?

ಅವನನ್ನು ಬೇರೆಯೇ ಒಂದು ಕೋಣೆಯಲ್ಲಿಟ್ಟಿದ್ದರು, ಕಿಟಕಿ ಮುಚ್ಚಿ. ಫ್ಯಾನು ಹಾಕಿದರೆ ಆ ಗಾಳಿಗೇ ಗಂಟಲು ಹಿಡಿದುಕೊಳ್ಳುತ್ತಿತ್ತಂತೆ. ಕೈಗಳನ್ನು ಮಂಚಕ್ಕೆ ಬಟ್ಟೆಯಿಂದ ಕಟ್ಟಿದ್ದರು. ಬಾಗಿಲ ಗಾಜಿನಿಂದ ಅವಳನ್ನು ನೋಡಿ ಅವನಿಗೆ ಗುರುತು ಸಿಕ್ಕಿತು. ಆ ರೋಗದಲ್ಲಿ ಕೊನೆಯವರೆಗೂ ಗುರುತು ಸಿಗುತ್ತದೆ, ಅದೇ ಅದರ ಕ್ರೌರ್ಯ. "ಬಾಯಾರಿಕೆ ಮಗಾ" ಎಂದದ್ದು ತುಟಿಯಲ್ಲಿ ಕಂಡಿತು. ನರ್ಸು ಒದ್ದೆ ಹತ್ತಿಯನ್ನು ತುಟಿಯ ಹತ್ತಿರ ತಂದಳು. ಮುದುಕನ ಮೈಯೆಲ್ಲ ಬಿಲ್ಲಿನ ಹಾಗೆ ಬಾಗಿ ಮಂಚ ಗೋಡೆಗೆ ಬಡಿಯಿತು. ನರ್ಸು ಹತ್ತಿ ದೂರ ಹಿಡಿದು ಬಾಗಿಲಿಗೆ ಬಂದು, ನೀವು ಯಾರು ಅವರಿಗೆ ಎಂದು ಕೇಳಿದಳು. ಇನ್ನೇನಾದರೂ ಮಾಡಬಹುದಾ ಎಂದು ಭಾವನಾ ತಿರುಗಿ ಕೇಳಿದಳು. ಮಾಡುವ ದಿನ ಎಂದೋ ಹೋಯಿತು ಎಂದಳು ನರ್ಸು.

ಮರುದಿನ ಮಧ್ಯಾಹ್ನದೊಳಗೆ ಐತ ಹೋದ. ಊರಲ್ಲಿ ಅವನಿಗೆ ಯಾರಿದ್ದಾರೆಂದು ಅಷ್ಟು ವರ್ಷ ಯಾರೂ ಕೇಳಿರಲಿಲ್ಲ, ಹಾಗಾಗಿ ಯಾರಿಗೂ ತಿಳಿಸಲಾಗಲಿಲ್ಲ. ಆಸ್ಪತ್ರೆಯ ಗೇಟಿನಲ್ಲಿ ಚರಣ್ ನಿಂತಿದ್ದ. ಏಪ್ರನ್ನು ಕಟ್ಟಿಕೊಂಡೇ ಬಂದಿದ್ದ. ಎಷ್ಟೋ ವಾರದ ಮೇಲೆ ಹೆಂಡತಿಯ ಮುಖ ನೋಡಿದವನು ಮಗುವಿನ ಸುದ್ದಿ ಕೇಳಲಿಲ್ಲ.

"ಅಕ್ಕ ಎಂತ ಹೇಳಿದ್ರು?" ಎಂದು ಭಾವನಾಳೇ ಕೇಳಿದಳು.

"ಮಗುವಿಗೆ ಬರ್ಬೇಕಾದ್ದು ಅವ ತಕ್ಕೊಂಡ, ಪುಣ್ಯವಂತ ಅಂದ್ರು." ಚರಣ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಅದಲ್ಲ ಮಾರಾಯ್ತಿ, ಕೇಳು. ಐತನನ್ನು ಆಸ್ಪತ್ರೆಗೆ ಹಾಕಿದ ಸಂಜೆಯೇ ಅಕ್ಕ, ಭೈರನ ಜೊತೆ ಆಡ್ತಿದ್ದ ತಮ್ಮ ಮೊಮ್ಮಕ್ಕಳನ್ನು ಕಾರಲ್ಲಿ ಕರ್ಕೊಂಡು ಹೋಗಿ ಯಾವುದೋ ಪ್ರೈವೇಟ್‌ನಲ್ಲಿ ಸೂಜಿ ಹಾಕಿಸಿ ಬಂದ್ರಂತೆ. ಅವರೂ ಹಾಕಿಸ್ಕೊಂಡ್ರಂತೆ! ಡ್ರೈವರ್ ಬಾಯಿ ಬಿಟ್ಟ. ನಮ್ಗೆ ಯಾರಿಗೂ ಹೇಳಲಿಲ್ಲ." ಅವನು ಎರಡು ಕೈಯನ್ನೂ ಅವಳ ಮುಂದೆ ಚಾಚಿದ. ಕಾವಲಿಗೆ ತಾಗಿ ತಾಗಿ ಸುಟ್ಟ ಬೆರಳುಗಳು, ಹಳೆಯ ಗಾಯ, ಹೊಸ ಗಾಯ. "ಭೈರ ದಿನಾ ಈ ಕೈ ನೆಕ್ತಿತ್ತಲ್ವಾ. ಕೊನೆಗೆ ಸಹ ನೆಕ್ಕಿತ್ತು. ಸುಟ್ಟ ಜಾಗದಲ್ಲಿ ನೆಕ್ಕಿದ್ರೂ ಬರ್ತದಂತೆ ಹೌದಾ? ನಿನ್ನೆಯಿಂದ ನೀರು ಕುಡಿಯುವಾಗ ಗಂಟಲು ಹಿಡಿದ ಹಾಗೆ ಆಗ್ತದೆ. ನಂಗೆ ಸೂಜಿ ಅಂದ್ರೆ ಹೆದರಿಕೆ, ನಿಂಗೆ ಗೊತ್ತುಂಟಲ್ಲ. ನೀನು ಜೊತೆಗೆ ಬಾ. ಸ್ವಲ್ಪ ಹಿಡ್ಕೊ."

ಭಾವನಾ ಆ ಬೆರಳುಗಳನ್ನು ನೋಡಿದಳು.

"ಗಂಟಲು ಹಿಡಿದದ್ದು ಹೆದರಿಕೆಗೆ ಇರ್ಬಹುದು. ಆದ್ರೆ ತಡ ಮಾಡ್ಬೇಡಿ" ಎಂದಳು. ಗುರುತಿಲ್ಲದವರಿಗೆ ದಾರಿ ಹೇಳುವಷ್ಟೇ ಮೆತ್ತಗೆ, ಅಷ್ಟೇ ಸ್ಪಷ್ಟವಾಗಿ ಹೇಳಿದಳು. "ಒಳಗೆ ಹೋಗಿ ಎಡಕ್ಕೆ ಚೀಟಿ ಕೊಡುವಲ್ಲಿ ನಿಲ್ಲಿ. ನಾಯಿ ಕಡಿ ಅಂತ ಹೇಳಿದ್ರೆ ಕಳಿಸ್ತಾರೆ. ನಾಯಿ ಸತ್ತದ್ದನ್ನು ಮುಚ್ಚಿಡ್ಬೇಡಿ, ನೆಕ್ಕಿದ್ದನ್ನೂ ಹೇಳಿ. ಎಷ್ಟು ಸಲ ಬರ್ಲಿಕ್ಕೆ ಹೇಳ್ತಾರೋ ಅಷ್ಟು ಸಲವೂ ಬನ್ನಿ, ಒಂದೂ ಬಿಡ್ಬೇಡಿ."

"ನೀನು ಬರುದಿಲ್ವಾ?"

"ಮಗು ಉಣ್ಣಲಿಕ್ಕೆ ಕಾಯ್ತದೆ."

ಅಡ್ಯಾರಿನ ಬಸ್ಸು ಬಂದು ನಿಂತಿತು. ಅವಳು ಹತ್ತಿದಳು. ಗೇಟಿನ ಒಳಗೆ ಚರಣ್ ಎರಡು ಹೆಜ್ಜೆ ಇಟ್ಟು, ಕೈಗಳನ್ನು ಮೈಗೆ ತಾಗದ ಹಾಗೆ ದೂರ ಹಿಡಿದುಕೊಂಡು, ಎಡ ಯಾವುದು ಎಂದು ಕಾವಲುಗಾರನನ್ನು ಕೇಳುತ್ತಿದ್ದ.